ಎರಡು ತಾಸು ಕೊಡ್ರಿ: ವಿಶೇಷ ಆರೈಕೆ ಬೇಕಾದ ಮಗುವನ್ನು ನೋಡಿಕೊಳ್ಳುವವರಿಗೆ ಮನೆಮಂದಿ ನೆರವಾಗುವ ಬಗೆ

ಬಾಗಲಕೋಟೆಯಲ್ಲಿ ಹೋಳಿ ಬಂತೆಂದರೆ ಹಲಗಿ ಸಪ್ಪಳ ದಿನಗಟ್ಟಲೆ ನಿಲ್ಲುವುದಿಲ್ಲ. ಆ ಸಪ್ಪಳ ಕೇಳಿಯೇ ಬೆಳೆದವಳು ನಾನು. ಆರು ವರ್ಷದ ಹಿಂದೆ ಬಣ್ಣದ ದಿನ ನವನಗರದಲ್ಲಿರುವ ಅಕ್ಕನ ಮನೆಗೆ ಹೋದಾಗ ಅವಳ ಮಗ ಮೂಲೆಯಲ್ಲಿ ಕಿವಿ ಮುಚ್ಚಿಕೊಂಡು ಗೋಡೆಗೆ ಹಣೆ ಬಡಿದುಕೊಳ್ಳುತ್ತಿದ್ದ. ಅವನಿಗೆ ಆಟಿಸಂ ಇದೆ, ಎಂದರೆ ಮಿದುಳು ಬೆಳೆಯುವ ರೀತಿಯೇ ಬೇರೆ. ಆಗ ಏಳು ವರ್ಷ. ಗೋಡೆಗೂ ಅವನ ಹಣೆಗೂ ನಡುವೆ ಅಂಗೈ ಇಟ್ಟು ಅಕ್ಕ ಕುಳಿತಿದ್ದಳು. ಬೆಳಗ್ಗೆಯಿಂದ ಒಂದು ಕಪ್ ಚಾ ಕುಡಿದಿರಲಿಲ್ಲ. ಪಡಸಾಲೆಯಲ್ಲಿ ನಾವು ಐದು ಮಂದಿ ಬೀಗರು-ಬಿಜ್ಜರು ಇದ್ದೆವು. "ಮೊಬೈಲ್ ಕೊಡಬ್ಯಾಡ ಅಂತ ಆವತ್ತ ಹೇಳಿದ್ದೆ" ಎಂದರು ಒಬ್ಬರು. "ಎರಡು ಏಟು ಹಾಕಿದ್ರ ಸುಮ್ಮನಾಗ್ತಾನ" ಎಂದರು ಇನ್ನೊಬ್ಬರು. "ಬೆಂಗಳೂರಾಗ ತೋರಿಸಬೇಕಿತ್ತು ನೀನು" ಎಂದವಳು ನಾನೇ.

ಅಷ್ಟರಲ್ಲಿ ಪಕ್ಕದ ಮನೆಯ ದೊಡ್ಡವ್ವ ಬಂದರು. ಏನೂ ಕೇಳಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿ ಎರಡು ರೊಟ್ಟಿ ಬಡಿದರು. ಮೊಸರು, ಶೇಂಗಾ ಹಿಂಡಿ ಹಚ್ಚಿ ಅಕ್ಕನ ಬಾಯಿಗೆ ತುತ್ತು ಇಟ್ಟರು. ಕಿಟಕಿ ಮುಚ್ಚಿದರು. ಅಕ್ಕನ ಮೂರು ವರ್ಷದ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ತಮ್ಮ ಮನೆಗೆ ಕರೆದೊಯ್ದರು. ಐದು ಮಂದಿಯ ಮಾತು ಮಾಡದ ಕೆಲಸವನ್ನು ಅವರೊಬ್ಬರ ಕೈ ಅರ್ಧ ತಾಸಿನಲ್ಲಿ ಮಾಡಿತು.

ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ), ಬುದ್ಧಿಮಾಂದ್ಯ, ಕಲಿಕೆಯ ತೊಂದರೆ ಇರುವ ಮಕ್ಕಳ ಬಗ್ಗೆ, ಸಾವು, ಪ್ರವಾಹ, ಹೊಡೆತ, ದೌರ್ಜನ್ಯ ಕಂಡು ಬೆದರಿದ ಮಕ್ಕಳ ಬಗ್ಗೆ ಬರೆದದ್ದು ಈಗ ಅಷ್ಟಿಷ್ಟು ಸಿಗುತ್ತದೆ. ಅವರನ್ನು ಹಗಲು ರಾತ್ರಿ ನೋಡಿಕೊಳ್ಳುವ ತಾಯಿ, ಅಜ್ಜಿ, ಅಕ್ಕಂದಿರಿಗೆ ಸುತ್ತಲಿನವರು ಏನು ಮಾಡಬೇಕು ಎಂಬುದನ್ನು ಹೇಳುವವರು ಕಡಿಮೆ. ಇದನ್ನು ಆ ಸುತ್ತಲಿನವರಿಗಾಗಿ, ಎಂದರೆ ಕಾಕಾ, ಚಿಗವ್ವ, ವೈನಿ, ನೆಗೆಣ್ಣಿ, ಓಣಿಯವರು, ಮುಖ್ಯವಾಗಿ ಗಂಡಂದಿರಿಗಾಗಿ ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಅವಳ ದಿನವನ್ನು ಕಣ್ಣಾರೆ ನೋಡಿ

"ಏನಾರ ಬೇಕಾದ್ರ ಹೇಳ" ಎಂದು ಹೇಳಿ ಬರುವುದು ಸುಲಭ. ದಣಿದವಳು ಏನು ಬೇಕೆಂದು ಯೋಚಿಸಿ, ಯಾರನ್ನು ಕೇಳಬೇಕೆಂದು ಲೆಕ್ಕ ಹಾಕಿ, ಸಂಕೋಚ ಬಿಟ್ಟು ಬಾಯಿ ತೆರೆಯಬೇಕು. ಅದೂ ಒಂದು ಕೆಲಸವೇ ಆಗುತ್ತದೆ, ಹಾಗಾಗಿ ಯಾರೂ ಹೇಳುವುದಿಲ್ಲ. ಅದರ ಬದಲು ಒಂದು ದಿನ ಬೆಳಗಿನಿಂದ ಮಲಗುವ ತನಕ ಅವಳ ಮನೆಯಲ್ಲಿ ಇರಿ. ಬಂಧುವಾಗಿ ಕೂತು ಚಾ ಕುಡಿಯಬೇಡಿ. ಅವಳ ಹಿಂದೆ ಹಿಂದೆ ಓಡಾಡಿ.

ಒಂದು ಹಾಳೆಯಲ್ಲಿ ತಾಸು ತಾಸಿಗೆ ಗುರುತು ಹಾಕಿಕೊಳ್ಳಿ. ರಾತ್ರಿ ಎಷ್ಟು ಸಲ ಎದ್ದಳು, ಮಗುವನ್ನು ಬಿಟ್ಟು ಸ್ನಾನಕ್ಕೆ ಹೋಗಲು ಆಯಿತೇ, ಊಟ ಕೂತು ಮಾಡಿದಳೋ ನಿಂತು ಮಾಡಿದಳೋ, ಯಾವ ಹೊತ್ತಿಗೆ ಅವಳ ದನಿ ಏರಿತು ಎಂಬುದನ್ನೆಲ್ಲ. ಸಂಜೆಯ ಹೊತ್ತಿಗೆ ಆ ಹಾಳೆಯಲ್ಲಿ ಒಂದು ಗಂಟು ಕಾಣುತ್ತದೆ. ಅಕ್ಕನ ಮನೆಯಲ್ಲಿ ಅದು ಸಂಜೆ ಐದೂವರೆಯಿಂದ ಎಂಟರವರೆಗೆ ಇತ್ತು. ಹುಡುಗ ಶಾಲೆಯಿಂದ ದಣಿದು ಬರುತ್ತಿದ್ದ, ಮಗಳು ಹಸಿವೆಂದು ಅಳುತ್ತಿದ್ದಳು, ರೊಟ್ಟಿಯ ಹೊತ್ತೂ ಅದೇ, ಕರೆಂಟ್ ಹೋಗುವುದೂ ಆಗಲೇ. ಬೇರೆ ಮನೆಯಲ್ಲಿ ಅದು ನಸುಕಿನ ನಾಲ್ಕು ಗಂಟೆ ಇರಬಹುದು, ರವಿವಾರದ ಮಧ್ಯಾಹ್ನ ಇರಬಹುದು. ನಿಮ್ಮ ಸಹಾಯ ಬೀಳಬೇಕಾದದ್ದು ಆ ಗಂಟಿನ ಮೇಲೆ. ಅವಳು ಹೇಗೋ ನಿಭಾಯಿಸಿಕೊಳ್ಳುವ ಹೊತ್ತಿನಲ್ಲಿ ಹಣ್ಣು ಹಿಡಿದು ಹೋದರೆ ಅವಳಿಗೆ ಚಾ ಕಾಸುವ ಕೆಲಸವೊಂದು ಹೆಚ್ಚುತ್ತದೆ, ಅಷ್ಟೇ.

ಎರಡನೆಯ ಹೆಜ್ಜೆ: ವಾರಕ್ಕೆ ಎರಡು ತಾಸು, ತಪ್ಪದೆ

ತಿಂಗಳಿಗೊಮ್ಮೆ ಇಡೀ ದಿನ ಬರುವವರಿಗಿಂತ ವಾರಕ್ಕೆ ಎರಡೇ ತಾಸು, ಅದೇ ದಿನ, ಅದೇ ಹೊತ್ತಿಗೆ ಬರುವವರು ಮೇಲು. ನಡೆಯುವುದು ಮೊದಲೇ ಗೊತ್ತಿದ್ದರೆ ಆಟಿಸಂ ಇರುವ ಮಗುವಿನ ಜೀವ ಹಗುರ. ಬೆದರಿದ ಮಗುವಿಗಂತೂ ಹೇಳಿದವರು ಹೇಳಿದ ಹೊತ್ತಿಗೆ ಬರುವುದೇ ಒಂದು ಔಷಧ. ತಾಯಿಗೂ ಹಾಗೆಯೇ. ಬುಧವಾರ ಐದೂವರೆಗೆ ತಂಗಿ ಬರುತ್ತಾಳೆ ಎಂಬುದು ಗೊತ್ತಿದ್ದರೆ ಸೋಮವಾರವನ್ನೂ ತಡೆದುಕೊಳ್ಳುವ ಶಕ್ತಿ ಬರುತ್ತದೆ.

ಆದರೆ ಮೊದಲ ದಿನವೇ "ನೀ ಹೋಗಕ್ಕಾ, ನಾ ನೋಡ್ಕೋತೀನಿ" ಎನ್ನಬೇಡಿ. ನಾನು ಹಾಗೆ ಮಾಡಿ ಕೆಟ್ಟೆ. ಅಕ್ಕ ಸಂತೆಗೆ ಹೋದ ಹತ್ತು ನಿಮಿಷಕ್ಕೆ ಹುಡುಗ ಬಾಗಿಲ ಚಿಲಕ ಜಗ್ಗುತ್ತ ಅಳತೊಡಗಿದ, ನಾನು ಗಾಬರಿಯಾಗಿ ಫೋನ್ ಮಾಡಿದೆ, ಅವಳು ಅರ್ಧ ದಾರಿಯಿಂದ ಓಡಿ ಬಂದಳು. ಮುಂದೆ ಎರಡು ತಿಂಗಳು ಅವನನ್ನು ಯಾರ ಕೈಗೂ ಕೊಡಲಿಲ್ಲ. ಆಮೇಲೆ ನಾವು ಹಿಡಿದ ದಾರಿ ಹೀಗಿತ್ತು.

ಮೊದಲ ವಾರ ನಾನು ಸುಮ್ಮನೆ ಅವನ ಹತ್ತಿರ ಕೂತೆ. ಮಾತಾಡಿಸಲಿಲ್ಲ, ಮುಟ್ಟಲಿಲ್ಲ. ಅವನು ಬಾಟಲಿ ಮುಚ್ಚಳಗಳನ್ನು ಸಾಲು ಹಚ್ಚುತ್ತಿದ್ದ; ನಾನೂ ಆಚೆ ಕೂತು ನನ್ನದೊಂದು ಸಾಲು ಹಚ್ಚಿದೆ. ಎರಡನೆಯ ವಾರ ಅಕ್ಕ ಎದುರಿಗೇ ಇರುವಾಗ ಒಂದು ಕೆಲಸ ಮಾತ್ರ ನನ್ನ ಕೈಗೆ ಬಂತು: ಅವನಿಗೆ ಚುರುಮುರಿ ಕೊಡುವುದು, ಅದೂ ಅವನ ನೀಲಿ ಬಟ್ಟಲಿನಲ್ಲಿ. ಮೂರನೆಯ ವಾರ ಅಕ್ಕ ಮಾಳಿಗೆಯ ಮೇಲಿದ್ದಳು. ನಾಲ್ಕನೆಯ ವಾರ ಅರ್ಧ ತಾಸು ಗುಡಿಗೆ ಹೋಗಿ ಬಂದಳು. ಎರಡು ತಾಸು ಪೂರಾ ನನ್ನ ಕೈಗೆ ಸಿಗಲು ಒಂಬತ್ತು ವಾರ ಬೇಕಾಯಿತು. ಕೆಲವು ಮಕ್ಕಳು ಮೂರೇ ವಾರದಲ್ಲಿ ಒಗ್ಗಬಹುದು, ಕೆಲವರಿಗೆ ಆರು ತಿಂಗಳು ಬೇಕಾಗಬಹುದು.

ಹೋಗುವಾಗ ಕಣ್ಣು ತಪ್ಪಿಸಿ ಹೋಗಬಾರದು. "ಅಳತಾನ, ಹಿತ್ತಲ ಬಾಗಿಲಿಂದ ಹೋಗಿಬಿಡ" ಎಂದು ಹಿರಿಯರು ಹೇಳುತ್ತಾರೆ. ಹಾಗೆ ಮಾಡಿದರೆ ಮಗು ಮುಂದೆ ಕ್ಷಣಕ್ಷಣವೂ ಅವ್ವನ ಸೆರಗು ಬಿಡುವುದಿಲ್ಲ. "ಅವ್ವ ಹೋಗ್ತಾಳ, ದೀಪ ಹಚ್ಚೂದ್ರಾಗ ಬರ್ತಾಳ" ಎಂದು ಹೇಳಿಯೇ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು.

ಅಡುಗೆಮನೆ ಗೋಡೆಗೆ ಒಂದು ಹಾಳೆ ಅಂಟಿಸಿ. ಮಗು ಏನು ತಿನ್ನುತ್ತದೆ, ಏನು ಮುಟ್ಟುವುದಿಲ್ಲ, ಯಾವ ಸಪ್ಪಳಕ್ಕೆ ಬೆದರುತ್ತದೆ, ಅದರ ಯಾವ ಸನ್ನೆಗೆ ಏನು ಅರ್ಥ, ಮಾತ್ರೆ ಯಾವುದು ಎಷ್ಟು ಹೊತ್ತಿಗೆ, ಯಾವ ಔಷಧ ಮೈಗೆ ಆಗುವುದಿಲ್ಲ, ಯಾರಿಗೆ ಫೋನ್ ಮಾಡಬೇಕು ಎಂಬಷ್ಟು ಅದರಲ್ಲಿರಲಿ. ಇದೆಲ್ಲ ತಾಯಿಯ ತಲೆಯಲ್ಲಿ ಮಾತ್ರ ಇರುವವರೆಗೆ ಅವಳು ಒಂದು ದಿನ ಜ್ವರ ಬಂದು ಮಲಗುವಂತಿಲ್ಲ.

ಮೂರನೆಯ ಹೆಜ್ಜೆ: ಮಗುವಿನ ಮೈಮನದ ರೀತಿ ಕಲಿಯಿರಿ

ಆಟಿಸಂ ಮಿದುಳು ಬೆಳೆಯುವ ರೀತಿಗೆ ಸಂಬಂಧಿಸಿದ್ದು. ತಾಯಿ ಎತ್ತಿಕೊಳ್ಳದ್ದರಿಂದ ಬಂದದ್ದಲ್ಲ, ಲಸಿಕೆಯಿಂದ ಬಂದದ್ದಲ್ಲ, ಗ್ರಹಣದ ದಿನ ಹೊರಗೆ ಹೋದದ್ದರಿಂದಲೂ ಅಲ್ಲ. ಅದು ಹೊರಟುಹೋಗುವಂತೆ ಮಾಡುವ ಗುಳಿಗೆಯೂ ಇಲ್ಲ. ಮಾತು, ಆಟ, ದಿನಚರಿಯ ತರಬೇತಿಯಿಂದ ಮಗುವಿನ ಬದುಕು ಬಹಳ ಸುಧಾರಿಸುತ್ತದೆ. ಎಡಿಎಚ್‌ಡಿ ಇರುವ ಮಗು ಬೇಕೆಂದೇ ಮಾತು ಕೇಳುವುದಿಲ್ಲ ಎಂಬುದೂ ಸುಳ್ಳು. "ಕೈ ತೊಳಕೊಂಡು, ಚೀಲ ಇಟ್ಟು, ಅರಿವಿ ಬದಲ್ಸಿ ಊಟಕ್ಕ ಬಾ" ಎಂದರೆ ಆ ನಾಲ್ಕು ಮಾತಿನಲ್ಲಿ ಒಂದು ಮಾತ್ರ ಅದರ ತಲೆಯಲ್ಲಿ ನಿಲ್ಲುತ್ತದೆ. ಹತ್ತಿರ ಹೋಗಿ, ಕಣ್ಣಿಗೆ ಕಾಣುವಂತೆ ನಿಂತು, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಮಾಡಿದ ಕೂಡಲೇ "ಭೇಷ್" ಎನ್ನಬೇಕು.

ಹಟಕ್ಕೂ ಕುಸಿತಕ್ಕೂ ಇರುವ ಅಂತರವನ್ನು ಮನೆಮಂದಿ ಕಲಿಯಲೇಬೇಕು. ಹಟ ಹಿಡಿದ ಮಗು ನಡುನಡುವೆ ನಿಮ್ಮ ಮುಖ ನೋಡುತ್ತದೆ, ಬೇಕಾದದ್ದು ಸಿಕ್ಕರೆ ನಿಲ್ಲುತ್ತದೆ. ಸಪ್ಪಳ, ಬೆಳಕು, ಗದ್ದಲ, ದಣಿವು ತಾಳದೆ ಕುಸಿದ ಮಗುವಿಗೆ ಯಾರು ಎದುರಿಗಿದ್ದಾರೆಂಬ ಎಚ್ಚರವೂ ಇರುವುದಿಲ್ಲ. ಬೇಕೆಂದದ್ದನ್ನು ಕೊಟ್ಟರೂ ನಿಲ್ಲುವುದಿಲ್ಲ. ಆಗ ಬೈದರೆ, ಹೊಡೆದರೆ, "ಯಾಕ ಹಿಂಗ ಮಾಡ್ತಿ" ಎಂದು ಕೇಳಿದರೆ ಉರಿಯುವ ಒಲೆಗೆ ಕಟ್ಟಿಗೆ ಹಾಕಿದಂತೆ.

ಅಂಥ ಹೊತ್ತಿನಲ್ಲಿ ಮಾಡಬೇಕಾದ್ದು ಇಷ್ಟು. ಮಗುವಿನ ಹತ್ತಿರ ಒಬ್ಬರೇ ಇರಿ, ಉಳಿದವರನ್ನು ಹೊರಗೆ ಕಳಿಸಿ. ಟಿವಿ ಬಂದ್ ಮಾಡಿ, ದೊಡ್ಡ ದೀಪ ಆರಿಸಿ. ತಲೆ ಬಡಿದುಕೊಳ್ಳುತ್ತಿದ್ದರೆ ನಡುವೆ ದಿಂಬು ಇಡಿ. ಒಲೆ, ಈಳಿಗೆ, ಗಾಜು ದೂರ ಸರಿಸಿ. ಕಡಿಮೆ ಮಾತಾಡಿ, ಸಣ್ಣ ದನಿಯಲ್ಲಿ. ತಬ್ಬಿಕೊಳ್ಳುವ ಮೊದಲು ಆ ಮಗುವಿಗೆ ತಬ್ಬಿದರೆ ಹಿತವೋ ಹಿಂಸೆಯೋ ಎಂಬುದನ್ನು ಗೋಡೆಯ ಹಾಳೆಯಲ್ಲಿ ನೋಡಿ. ತಣ್ಣಗಾದ ಮೇಲೆ ನೀರು ಕೊಡಿ, ಮಲಗಲು ಬಿಡಿ. ಪಾಠ ಹೇಳುವ ಹೊತ್ತು ಅದಲ್ಲ. ಇನ್ನೂ ಒಂದು ಮಾತು: ಆಗ ನಿಮ್ಮಲ್ಲಿ ಇನ್ನೊಬ್ಬರು ತಾಯಿಯ ಬಳಿ ಇರಬೇಕು. ಮಗು ಮಲಗಿದ ಮೇಲೆ ನಡುಗುವವಳು ಅವಳು.

ಮೈಗೆ ಭಾರ ಬೀಳುವ ಕೆಲಸ ಇಂಥ ಅನೇಕ ಮಕ್ಕಳನ್ನು ಸಮಾಧಾನಗೊಳಿಸುತ್ತದೆ. ಅದಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಸಣ್ಣ ಕೊಡದಲ್ಲಿ ನೀರು ತಂದು ಗಿಡಕ್ಕೆ ಹಾಕಿಸಿ. ಹಿಟ್ಟು ನಾದಲು ಕೊಡಿ, ಆದರೆ ಚಪಾತಿ ಹಿಟ್ಟು ಕೊಡಿ. ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿರುತ್ತೇವೆ, ಕೈ ಸುಟ್ಟೀತು. ಜೋಕಾಲಿ ಕಟ್ಟಿ ತೂಗಿ. ನಮ್ಮ ಕಡೆಯ ಕೌದಿಯಂತೂ ಚಿನ್ನ. ಅಜ್ಜಿ ಹಳೆಯ ಸೀರೆ ಪದರ ಪದರ ಸೇರಿಸಿ ಹೊಲಿದ ಆ ಭಾರವೇ ಅಕ್ಕನ ಮಗನಿಗೆ ಇಷ್ಟ. ಭುಜದಿಂದ ಕೆಳಗೆ ಹೊದ್ದು ಹದಿನೈದು ನಿಮಿಷ ಕೂತರೆ ಉಸಿರು ಇಳಿಯುತ್ತದೆ. ಮುಖ ಮುಚ್ಚಬಾರದು, ಮಗು ತಾನೇ ಕಿತ್ತೆಸೆಯುವಂತಿರಬೇಕು, ಹಸುಗೂಸುಗಳಿಗಂತೂ ಬೇಡವೇ ಬೇಡ. ಬ್ಯಾಸಿಗೆಯಲ್ಲಿ ಸೆಕೆಗೆ ಅದೇ ಹಿಂಸೆಯಾಗುತ್ತದೆ ಎಂಬುದೂ ನೆನಪಿರಲಿ.

ಸಪ್ಪಳದ ವಿಷಯದಲ್ಲಿ ಮೊದಲೇ ತಯಾರಿ ಬೇಕು. ರಬಕವಿ-ಬನಹಟ್ಟಿಯಂಥ ಊರಲ್ಲಿ ಮಗ್ಗದ ಶಬ್ದ ಓಣಿಯ ಉಸಿರಿದ್ದಂತೆ. ಮಗ್ಗ ನಿಲ್ಲಿಸಿದರೆ ಹೊಟ್ಟೆಗಿಲ್ಲ. ಅಲ್ಲಿ ಮಗುವಿನ ಹಾಸಿಗೆಯನ್ನು ಮಗ್ಗದ ಗೋಡೆಯಿಂದ ಆಚೆ ಸರಿಸುವುದು, ಸಂಜೆಯ ಎರಡು ತಾಸು ಶಬ್ದವಿಲ್ಲದ ಬಂಧುಗಳ ಮನೆಗೆ ಕರೆದೊಯ್ಯುವುದು ನಿಮ್ಮಿಂದಾಗುವ ಕೆಲಸ. ಹೋಳಿಗೆ, ಬನಶಂಕರಿ ಜಾತ್ರೆಗೆ, ಗಣಪತಿ ಕಳಿಸುವ ದಿನಕ್ಕೆ ವಾರ ಮೊದಲೇ ಮಗುವಿಗೆ ಚಿತ್ರ ತೋರಿಸಿ ಹೇಳಿ; ಕಿವಿ ಮುಚ್ಚುವ ಸಾಧನ ಇಟ್ಟುಕೊಳ್ಳಿ. ಈಗ ಬಣ್ಣದ ದಿನಗಳಲ್ಲಿ ಅಕ್ಕ ಮತ್ತು ಹುಡುಗ ಹೊಲದ ಮನೆಯಲ್ಲಿರುತ್ತಾರೆ. ಬುತ್ತಿ ಕಟ್ಟಿಕೊಂಡು ಹೋಗುವವರ ಪಾಳಿ ನಮ್ಮದು.

ಮಾತು ಬರದ ಮಗುವಿಗೆ ಚಿತ್ರ ತೋರಿಸಿ ಕೇಳುವುದನ್ನು ಕಲಿಸಿದರೆ ಮಾತು ಬರುವುದು ನಿಲ್ಲುತ್ತದೆಂಬ ಹೆದರಿಕೆ ಬೇಡ. ಚಿತ್ರ ಮಾತಿಗೆ ಅಡ್ಡ ಬರುವುದಿಲ್ಲ. ಹಳೆಯ ಕ್ಯಾಲೆಂಡರ್ ರಟ್ಟಿನ ಮೇಲೆ ನಿಮ್ಮದೇ ಮನೆಯ ತಂಬಿಗೆ, ತಾಟು, ಹಾಸಿಗೆ, ಚಪ್ಪಲಿಗಳ ಫೋಟೋ ಅಂಟಿಸಿ. ಆ ಕಾರ್ಡುಗಳನ್ನು ಕತ್ತರಿಸಿ ಅಂಟಿಸುವ ಕೆಲಸ ತಾಯಿಯದ್ದಾಗಬಾರದು. ಅದನ್ನು ಕಾಲೇಜಿಗೆ ಹೋಗುವ ಮನೆಯ ಹುಡುಗರು ಮಾಡಲಿ.

ಆಟಿಸಂ, ಬುದ್ಧಿಮಾಂದ್ಯ ಇರುವ ಕೆಲವು ಮಕ್ಕಳಿಗೆ ಮೂರ್ಛೆ (ಫಿಟ್ಸ್) ಬರುವುದುಂಟು. ನೋಡಿಕೊಳ್ಳಲು ಬರುವವರಿಗೆಲ್ಲ ಇದು ಗೊತ್ತಿರಬೇಕು: ಮಗುವನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಕೊರಳ ಗುಂಡಿ ಸಡಿಲಿಸಿ, ಗಡಿಯಾರ ನೋಡಿ. ಬಾಯಲ್ಲಿ ಚಮಚ, ನೀರು ಏನೂ ಹಾಕಬೇಡಿ. ಕೈಯಲ್ಲಿ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ ಇವೆಲ್ಲ ಹೊತ್ತು ಕಳೆಯುತ್ತವೆಯೇ ಹೊರತು ಮೂರ್ಛೆ ನಿಲ್ಲಿಸುವುದಿಲ್ಲ. ಐದು ನಿಮಿಷ ದಾಟಿದರೆ, ಒಂದರ ಹಿಂದೊಂದು ಬಂದರೆ, ಅಥವಾ ಅದೇ ಮೊದಲ ಸಲವಾದರೆ 108ಕ್ಕೆ ಕರೆ ಮಾಡಿ.

ನಾಲ್ಕನೆಯ ಹೆಜ್ಜೆ: ಬೆದರಿದ ಮಗು, ಅದನ್ನು ಸಾಕುವ ಅಜ್ಜಿ

2019ರ ಆಗಸ್ಟ್‌ನಲ್ಲಿ ಮಲಪ್ರಭೆ, ಘಟಪ್ರಭೆ, ಕೃಷ್ಣೆ ಒಟ್ಟಿಗೇ ಉಕ್ಕಿದಾಗ ರಾತ್ರೋರಾತ್ರಿ ಮನೆ ಬಿಟ್ಟವರಲ್ಲಿ ಮಕ್ಕಳೂ ಇದ್ದರು. ಬಾದಾಮಿ ತಾಲೂಕಿನ ನಮ್ಮ ಬಂಧುವೊಬ್ಬರ ಮೊಮ್ಮಗಳು ಆಮೇಲೆ ಎಷ್ಟೋ ದಿನ ಮಳೆ ಹನಿ ಬಿದ್ದರೆ ತನ್ನ ಚೀಲ ತುಂಬಿಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದವಳು ಮತ್ತೆ ಶುರು ಮಾಡಿದ್ದಳು. ಅಪ್ಪ-ಅವ್ವ ದುಡಿಯಲು ಗೋವೆಗೆ ಹೋಗಿದ್ದರು; ಸಾಕುತ್ತಿದ್ದವರು ಅರವತ್ತೆಂಟು ವರ್ಷದ ಅಜ್ಜಿ.

ಇಂಥ ಮಗು ಬೆಚ್ಚಿ ಬೀಳುತ್ತದೆ, ಕನಸು ಕಂಡು ಚೀರುತ್ತದೆ, ಆಟದಲ್ಲೂ ಆದದ್ದನ್ನೇ ಆಡುತ್ತದೆ, ಇಲ್ಲವೇ ಮರಗಟ್ಟಿದಂತೆ ಕೂರುತ್ತದೆ. ಕೆಲವರು ಕೈ ಎತ್ತುತ್ತಾರೆ, ಕದಿಯುತ್ತಾರೆ, ಅನ್ನ ಬಚ್ಚಿಡುತ್ತಾರೆ. ಅಪಾಯ ಕಳೆದರೂ ಮೈ ಇನ್ನೂ ಅಪಾಯದಲ್ಲಿದ್ದೇನೆಂದೇ ತಿಳಿದಿರುತ್ತದೆ. ಅದಕ್ಕೆ ಬೇಕಾದದ್ದು ಮೊದಲು ಭದ್ರತೆ: ಅದೇ ಹೊತ್ತಿಗೆ ಊಟ, ಅದೇ ಜಾಗದಲ್ಲಿ ಹಾಸಿಗೆ, ರಾತ್ರಿ ಸಣ್ಣ ದೀಪ, ಬೆನ್ನ ಮೇಲೆ ಅಜ್ಜಿಯ ಕೈ. ಒದ್ದೆಯಾದ ಹಾಸಿಗೆಗೆ ಬೈಗುಳ ಇರಕೂಡದು. ಆದದ್ದನ್ನು ಹೇಳೆಂದು ಒತ್ತಾಯಿಸಬೇಡಿ. ಅದಾಗಿ ಹೇಳತೊಡಗಿದರೆ ಕೈಕೆಲಸ ಬಿಟ್ಟು ಕೇಳಿ. ಮನೆಗೆ ಬಂದವರೆದುರು "ಪಾಪ, ಇದರ ಅವ್ವ ಸತ್ತಾಗ..." ಎಂದು ಶುರು ಮಾಡುವ ಬಂಧುಗಳನ್ನು ತಡೆಯುವ ಕೆಲಸ ನಿಮ್ಮದು. ಅಜ್ಜಿಗೆ ಅದು ಆಗದು, ಅವರೂ ಅದೇ ದುಃಖದಲ್ಲಿರುತ್ತಾರೆ. ಮಗಳನ್ನೋ ಮಗನನ್ನೋ ಕಳೆದುಕೊಂಡ ಅಜ್ಜಿಗೆ ಅಳಲು ಒಂದು ತಾಸು ಬೇಕು, ಮಗು ಇಲ್ಲದ ಕಡೆ. ಆ ತಾಸನ್ನು ಕೊಡಿ.

ಮಗುವಿನ ಮೇಲೆ ದೌರ್ಜನ್ಯ ನಡೆದಿದೆ ಎಂದು ತಿಳಿದರೆ ಮನೆಯ ಮರ್ಯಾದೆ ಎಂದು ಮುಚ್ಚಿಡಬೇಡಿ. 1098 ಮಕ್ಕಳ ಸಹಾಯವಾಣಿ. ಲೈಂಗಿಕ ದೌರ್ಜನ್ಯವಾದರೆ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಮಗುವನ್ನು ಮತ್ತೆ ಮತ್ತೆ ಪ್ರಶ್ನೆ ಕೇಳಬೇಡಿ. "ನೀ ಹೇಳಿದ್ದ ಛಲೋ ಆತು, ನಿಂದೇನೂ ತಪ್ಪಿಲ್ಲ" ಎನ್ನಿ.

ಅಪ್ಪ-ಅವ್ವ ಇಲ್ಲದ, ಬಂಧುಗಳ ಮನೆಯಲ್ಲಿ ಬೆಳೆಯುವ ಮಗುವಿಗೆ, ಗಂಡ ತೀರಿಕೊಂಡ ತಾಯಿಯ ಮಗುವಿಗೆ ಕೇಂದ್ರ ಸರಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶವಿದೆ. ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ರೂಪಾಯಿ ಮೀರಿರಬಾರದು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಅಜ್ಜಿಯನ್ನು ಕಚೇರಿ ಕಚೇರಿ ಅಲೆಸಬೇಡಿ. ಕಾಗದ ಹಿಡಿದು ನೀವೇ ಹೋಗಿ, ಸಹಿ ಬೇಕಾದಾಗ ಮಾತ್ರ ಕರೆದೊಯ್ಯಿರಿ.

ಐದನೆಯ ಹೆಜ್ಜೆ: ನಾಲಿಗೆ ಹಿಡಿಯಿರಿ

"ನಮ್ಮ ಮನಿತನದಾಗ ಇಂಥದ್ದು ಇರಲಿಲ್ಲ." ಈ ಒಂದು ಮಾತು ಅಕ್ಕನನ್ನು ಎಷ್ಟು ವರ್ಷ ಸುಟ್ಟಿತೆಂದು ನನಗೆ ಗೊತ್ತು. ಬೈಗುಳವಲ್ಲದ ಮಾತುಗಳೂ ಸುಡುತ್ತವೆ. "ದೇವರು ಶಕ್ತಿ ಇದ್ದವರಿಗೇ ಇಂಥ ಮಕ್ಕಳನ್ನ ಕೊಡ್ತಾನ" ಎಂದಾಗ ಅವಳಿಗೆ ಕೇಳಿಸುವುದು "ನಿನಗ ಸಹಾಯ ಬೇಕಾಗಿಲ್ಲ" ಎಂದು.

ಹಾಗಾದರೆ ಏನು ಹೇಳಬೇಕು? "ನಿನ್ನೆ ರಾತ್ರಿ ನಿದ್ದಿ ಆತೇನಕ್ಕಾ?" "ರೊಟ್ಟಿ ನಾ ತರ್ತೀನಿ, ಎಷ್ಟು ಬೇಕು?" "ಗುರುವಾರ ದವಾಖಾನಿಗೆ ನಾ ಜೋಡಿ ಬರ್ತೀನಿ." ಇಂಥ ಸಣ್ಣ ಮಾತು ಸಾಕು.

ಹರಕೆ, ತಾಯತದ ವಿಷಯದಲ್ಲಿ ನಾನು ಜಗಳ ಮಾಡುವುದಿಲ್ಲ. ಅಕ್ಕನ ಅತ್ತಿ ಮೊಮ್ಮಗನ ಹೆಸರಲ್ಲಿ ಪ್ರತಿ ಅಮಾವಾಸ್ಯೆ ಕಾಯಿ ಒಡೆಸುತ್ತಾರೆ; ಅದು ಅವರ ಪ್ರೀತಿ. ಆದರೆ ಬರೆ ಹಾಕುವುದು, ಕಟ್ಟಿಹಾಕುವುದು, ಉಪವಾಸ ಕೆಡವುವುದು, ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಿ ಗೊತ್ತಿಲ್ಲದ ಪುಡಿ ತಿನ್ನಿಸುವುದು ಇವುಗಳ ಎದುರು ಗಟ್ಟಿಯಾಗಿ ನಿಲ್ಲಿ. ತಾಯಿಯೊಬ್ಬಳೇ ಅತ್ತೆಯ ಎದುರು ನಿಲ್ಲುವಂತೆ ಬಿಡಬೇಡಿ. ಆ ಮಾತು ಗಂಡನ ಬಾಯಿಂದ ಬಂದರೆ ಮನೆ ಉಳಿಯುತ್ತದೆ.

ಗಂಡಂದಿರಿಗೆ ಬೇರೆಯಾಗಿ ಹೇಳಬೇಕು. ದುಡಿದು ತರುವುದು ದೊಡ್ಡದೇ. ಆದರೂ ಮಗುವಿನ ಒಂದು ಕೆಲಸ ಪೂರ್ತಿ ನಿಮ್ಮದಾಗಿರಲಿ, ಸ್ನಾನವೋ ಮಲಗಿಸುವುದೋ. "ಸಹಾಯ ಮಾಡ್ತೀನಿ" ಎನ್ನುವ ಮಾತು ಬೇಡ, ಅದು ನಿಮ್ಮ ಕೆಲಸ. ಅಕ್ಕನ ಗಂಡ, ನಮ್ಮ ಮಾಮಾ, ಈಗ ದಿನಾ ರಾತ್ರಿ ಮಗನಿಗೆ ಹಲ್ಲುಜ್ಜಿಸಿ ಮಲಗಿಸುತ್ತಾರೆ. ಮೊದಲ ಎರಡು ವಾರ ಹುಡುಗ ಒಪ್ಪಲಿಲ್ಲ, ಅಕ್ಕ ಎದ್ದು ಬರುತ್ತಿದ್ದಳು. ಎದ್ದು ಬರದಂತೆ ಅವಳನ್ನು ಮಾಳಿಗೆ ಮೇಲೆ ಕಳಿಸಿ ನಾನು ಬಾಗಿಲಲ್ಲಿ ಕೂತಿದ್ದೆ.

ಆ ಮನೆಯ ಇನ್ನೊಂದು ಮಗುವನ್ನು ಮರೆಯಬೇಡಿ. ಅಣ್ಣನಿಗಾಗಿ ಸದಾ ಸುಮ್ಮನಿರುವ ತಂಗಿಗೆ ವಾರಕ್ಕೊಮ್ಮೆ ಅವಳೊಬ್ಬಳದ್ದೇ ಹೊತ್ತು ಬೇಕು. ತಾಯಿಗೆ ಎರಡು ತಾಸು ಸಿಕ್ಕಾಗ ಅದರಲ್ಲಿ ಅರ್ಧ ತಾಸು ಮಗಳ ಜಡೆ ಹಾಕಲು ಹೋಗುತ್ತದೆ. ಹೋಗಲಿ.

ಆರನೆಯ ಹೆಜ್ಜೆ: ಕಾಗದದ ಚೀಲ ಒಬ್ಬರು ಹೊರಿ

ಮನೆತನದಲ್ಲಿ ಓದು-ಬರಹ, ಕಚೇರಿ ಓಡಾಟ ಬಲ್ಲ ಒಬ್ಬರು ಈ ಕೆಲಸ ಹಿಡಿಯಲಿ. ಒಂದು ಫೈಲ್ ಮಾಡಿ, ಎಲ್ಲ ಚೀಟಿಗಳ ನಕಲು ಮೂರು ಮೂರು ತೆಗೆದಿಡಿ.

ಇನ್ನೂ ತಪಾಸಣೆ ಆಗಿರದಿದ್ದರೆ ಅಲ್ಲಿಂದ ಶುರು. ಒಂದು ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದ, ಒಂದೂವರೆ ವರ್ಷವಾದರೂ ಬೆರಳು ಮಾಡಿ ತೋರಿಸದ, ಆಡುತ್ತಿದ್ದ ಮಾತು ನಿಂತುಹೋದ ಮಗುವನ್ನು "ಅವರಪ್ಪನೂ ಲೇಟಾಗೇ ಮಾತಾಡಿದ್ದ" ಎಂದು ಕಾಯಿಸಬೇಡಿ. ಅಂಗನವಾಡಿಗೆ, ಸರಕಾರಿ ಶಾಲೆಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಬರುತ್ತದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ. ಜಿಲ್ಲಾ ಆಸ್ಪತ್ರೆಗೆ ಹೋದರೆ ಡಿಇಐಸಿ (ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ನೆರವಾಗುವ) ವಿಭಾಗ ಎಲ್ಲಿದೆ ಎಂದು ಕೇಳಿ. ಹೆಚ್ಚಿನ ತಪಾಸಣೆಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಮಾತಿನ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ಆಟಿಸಂ, ಬುದ್ಧಿಮಾಂದ್ಯ, ನಿರ್ದಿಷ್ಟ ಕಲಿಕಾ ನ್ಯೂನತೆ ಆ ಪಟ್ಟಿಯಲ್ಲಿವೆ. ಎಡಿಎಚ್‌ಡಿ ಅದರಲ್ಲಿ ಬೇರೆಯಾಗಿ ಇಲ್ಲ. ಹೆಚ್ಚಿನ ಸೌಲಭ್ಯಗಳಿಗೆ ಶೇ. 40 ಅಥವಾ ಹೆಚ್ಚು ನ್ಯೂನತೆಯ ಪ್ರಮಾಣಪತ್ರ ಬೇಕು. ಅದಕ್ಕಾಗಿ ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ, ಕರೆದ ದಿನ ಆಸ್ಪತ್ರೆಗೆ ಹೋಗಬೇಕು. ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿ ತುಂಬಲು ಅವರ ನೆರವು ಕೇಳಿ. ತಪಾಸಣೆಯ ದಿನ ಸಾಲಿನಲ್ಲಿ ನೀವು ನಿಲ್ಲಿ, ತಾಯಿ-ಮಗು ಹೊರಗೆ ಮರದ ನೆರಳಲ್ಲಿರಲಿ. ಗದ್ದಲದ ವರಾಂಡದಲ್ಲಿ ಮೂರು ತಾಸು ಕೂರಿಸಿದ್ದಕ್ಕೆ ನಮ್ಮ ಹುಡುಗ ಎರಡು ದಿನ ಊಟ ಮಾಡಲಿಲ್ಲ.

ಆ ಕಾರ್ಡ್ ಬಂದ ಮೇಲೆ ಮಾಸಾಶನ, ಬಸ್ ಪಾಸ್‌ಗಳಿಗೆ ಅರ್ಜಿ ಹಾಕಬಹುದು. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು), ಬುದ್ಧಿಮಾಂದ್ಯ, ಬಹುವಿಧ ನ್ಯೂನತೆ ಇರುವವರಿಗೆ ಕೇಂದ್ರ ಸರಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ. ಥೆರಪಿಯ ಖರ್ಚೂ ಅದರಲ್ಲಿ ಬರುತ್ತದೆ. ಅದೇ ಟ್ರಸ್ಟ್ ಕಾಯ್ದೆಯಡಿ 18 ತುಂಬಿದ ಮೇಲೆ ಪಾಲಕರನ್ನು ನೇಮಿಸುವ ಅಧಿಕಾರ ಜಿಲ್ಲಾಧಿಕಾರಿಗಳ ಸ್ಥಳೀಯ ಮಟ್ಟದ ಸಮಿತಿಗಿದೆ. "ನಾ ಸತ್ತ ಮ್ಯಾಲ ಇವನ ಗತಿ ಏನು" ಎಂಬ ತಾಯಿಯ ರಾತ್ರಿಯ ಪ್ರಶ್ನೆಗೆ ಒಂದು ತುಂಡು ಉತ್ತರ ಅದರಲ್ಲಿದೆ.

ಶಾಲೆಯ ಮಾತು. ಶೇ. 40 ಅಥವಾ ಹೆಚ್ಚು ನ್ಯೂನತೆಯ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ಶಾಲೆಗೆ ಬರಲಾಗದ ಮಕ್ಕಳಿಗೆ ಮನೆ ಆಧಾರಿತ ಶಿಕ್ಷಣ ಉಂಟು. ಅದಕ್ಕಾಗಿ ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಬಿಐಇಆರ್‌ಟಿ ಎಂಬ, ವಿಶೇಷ ಅಗತ್ಯದ ಮಕ್ಕಳಿಗಾಗಿಯೇ ಇರುವ ಶಿಕ್ಷಕರನ್ನು ಕಾಣಿ. ಶಾಲೆಯ ಸಭೆಗೆ ತಾಯಿಯೊಬ್ಬಳನ್ನೇ ಕಳಿಸಬೇಡಿ. ಒಮ್ಮೆ ಒಂದು ಶಾಲೆಯಲ್ಲಿ ಅಕ್ಕನಿಗೆ "ಬೇರೆ ಪಾಲಕರು ದೂರ್ತಾರ್ರೀ" ಎಂದಿದ್ದರು. ಮುಂದಿನ ಸಲ ನಾವು ಮೂವರು ಹೋಗಿ, ಬರೆದ ಅರ್ಜಿ ಕೊಟ್ಟು, ಸ್ವೀಕೃತಿ ಕೇಳಿದೆವು. ದನಿ ಬದಲಾಯಿತು.

ಏಳನೆಯ ಹೆಜ್ಜೆ: ಅವಳ ನಿದ್ದೆ, ಅವಳ ಮನಸ್ಸು

ಇಂಥ ತಾಯಂದಿರ ಮೊದಲ ಕಾಯಿಲೆ ನಿದ್ದೆಗೇಡು. ವಾರದಲ್ಲಿ ಎರಡು ರಾತ್ರಿಯಾದರೂ ಅವಳು ಬೇರೆ ಕೋಣೆಯಲ್ಲಿ, ಆಗದಿದ್ದರೆ ಪಕ್ಕದ ಮನೆಯಲ್ಲಿ ಮಲಗಲಿ. ಮಗುವಿನ ಜೊತೆ ಗಂಡನೋ ಅತ್ತೆಯೋ ಇರಲಿ. ಬಿಪಿ, ಸಕ್ಕರೆ, ರಕ್ತಹೀನತೆ ವರ್ಷಕ್ಕೊಮ್ಮೆ ನೋಡಿಸಿ. ಮಗುವಿನ ಚೀಟಿ ಮಾಡಿಸುವಾಗ ಅವಳದ್ದೂ ಒಂದು ಮಾಡಿಸಿ, ಇಲ್ಲದಿದ್ದರೆ ಅವಳು ಎಂದೂ ತೋರಿಸಿಕೊಳ್ಳುವುದಿಲ್ಲ.

ಎರಡು ವಾರಕ್ಕಿಂತ ಹೆಚ್ಚು ಕಾಲ ಮಂಕಾಗಿರುವುದು, ಇಷ್ಟದ ಸೀರಿಯಲ್ಲೂ ಬೇಡವಾಗುವುದು, ಊಟ ಸೇರದಿರುವುದು, ಮಗುವಿನ ಮೇಲೆ ಕೈ ಎತ್ತಿ ಆಮೇಲೆ ತಾನೇ ಬಡಿದುಕೊಳ್ಳುವುದು ಕಂಡರೆ ಅದು ದಣಿವಷ್ಟೇ ಅಲ್ಲ, ಚಿಕಿತ್ಸೆ ಬೇಕಾದದ್ದು. 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲಿ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ನೀವೇ ಜೊತೆಗೆ ಹೋಗಿ. "ಇಬ್ಬರೂ ಕೂಡಿ ಹೋಗಿಬಿಡ್ತೀವಿ" ಎಂಬಂಥ ಮಾತು ಬಾಯಲ್ಲಿ ಬಂದರೆ ಹಾಗೇ ಅಂದಳು ಎಂದು ಬಿಡಬೇಡಿ. ನೇರವಾಗಿ ಕೇಳಿ: "ಸಾಯೂ ವಿಚಾರ ಬರ್ತದೇನವ್ವಾ?" ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ. ಒಬ್ಬಳನ್ನೇ ಬಿಡಬೇಡಿ, ಕೀಟನಾಶಕ, ಮಾತ್ರೆ ಕೈಗೆ ಸಿಗದಂತೆ ಎತ್ತಿಡಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಇಂಥದೇ ಮಗು ಇರುವ ಇನ್ನೊಬ್ಬ ತಾಯಿಯ ಪರಿಚಯ ಮಾಡಿಸಿ. ಅಕ್ಕ ಮತ್ತು ಇಳಕಲ್ಲಿನ ಒಬ್ಬ ನೇಕಾರ ತಾಯಿ ಥೆರಪಿಗೆ ಹೋದಾಗ ಪರಿಚಯವಾದವರು. ಈಗ ದಿನಾ ರಾತ್ರಿ ಹತ್ತು ನಿಮಿಷ ಫೋನಿನಲ್ಲಿ ಮಾತಾಡುತ್ತಾರೆ. ನಮ್ಮೊಡನೆ ಆಡದ ಮಾತು ಅವರಿಬ್ಬರ ನಡುವೆ ಎಷ್ಟೋ ಇದೆ, ನಾನು ಕೇಳಲು ಹೋಗುವುದಿಲ್ಲ.

ಬರಲಾಗದ ದಿನ

ಜ್ವರ ಬರುತ್ತದೆ, ಮದುವೆ ಬರುತ್ತದೆ, ಕಬ್ಬು ಕಡಿಯುವ ಹೊತ್ತು ಬರುತ್ತದೆ. ನಿಮ್ಮ ಎರಡು ತಾಸು ತಪ್ಪುವುದಾದರೆ ಹಿಂದಿನ ದಿನವೇ ಫೋನ್ ಮಾಡಿ. ನಿಮ್ಮ ಬದಲು ಹೋಗುವವರನ್ನು ನೀವೇ ಗೊತ್ತು ಮಾಡಿ. ಆ ಮಗು ಮೊದಲೇ ಕಂಡು ಬಲ್ಲವರಾಗಿರಬೇಕು, ಹೊಸಬರಲ್ಲ. ಅದಕ್ಕೇ ನಾನು ತಿಂಗಳಿಗೊಮ್ಮೆ ನನ್ನ ಮಗಳನ್ನೂ ಜೊತೆಗೆ ಕರೆದೊಯ್ಯುತ್ತೇನೆ. ಅಕ್ಕನ ಮನೆಯ ಗೋಡೆಯಲ್ಲಿ ಬುಧವಾರದ ಚೌಕದಲ್ಲಿ ನನ್ನ ಫೋಟೋ ಅಂಟಿಸಿದೆ. ನಾನು ಹೋಗದ ವಾರ ಆ ಫೋಟೋವನ್ನು ಬೆಳಗ್ಗೆಯೇ ತೆಗೆದು ನನ್ನ ಮಗಳದ್ದನ್ನು ಹಚ್ಚಬೇಕು. ಸಂಜೆ ಹಚ್ಚಿದರೆ ಹುಡುಗ ಒಪ್ಪುವುದಿಲ್ಲ.